ಆದೇಶಸಾಲಿನಿಂದ ನಿರ್ವಾಹಕ ಪ್ರವೇಶದ ನಿರ್ವಹಣೆ

ಆದೇಶಸಾಲಿನಿಂದ ನಿರ್ವಾಹಕ ಪ್ರವೇಶದ ನಿರ್ವಹಣೆ ಎಂಬುದು ಲೆಕ್ಕಪತ್ರ, ದಾಸ್ತಾನು, ಸಂಬಳ, ಬಿಲ್ಲು ಮೊದಲಾದ ಕೆಲಸಗಳಿಗೆ ಬಳಸುವ ವ್ಯವಹಾರ ತಂತ್ರಾಂಶದಲ್ಲಿ ಮೇಲಧಿಕಾರವುಳ್ಳ ಬಳಕೆದಾರರನ್ನು ಸೇರಿಸುವ, ತೆಗೆಯುವ, ಅವರ ಪಾಸ್‌ವರ್ಡ್ ಬದಲಿಸುವ ಮತ್ತು ಅಧಿಕಾರದ ಎಲ್ಲೆ ಗೊತ್ತುಮಾಡುವ ಕೆಲಸವನ್ನು, ಆ ತಂತ್ರಾಂಶ ಓಡುವ ಸರ್ವರ್‌ನಲ್ಲಿ ಅಕ್ಷರರೂಪದ ಆದೇಶ ಟೈಪ್ ಮಾಡಿ ನಡೆಸುವ ವಿಧಾನ. ನಿರ್ವಾಹಕನ ಪಾಸ್‌ವರ್ಡ್ ಮರೆತುಹೋದಾಗ, ಆ ಪಾಸ್‌ವರ್ಡ್ ತಿಳಿದ ನೌಕರ ಕೆಲಸ ಬಿಟ್ಟಾಗ, ಹಳೆಯ ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಎತ್ತಿ ನಿಲ್ಲಿಸುವಾಗ ಈ ವಿಧಾನವೇ ಆಧಾರ. ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಕೋವಾಡ, ಗಡಹಿಂಗ್ಲಜ, ಇಚಲಕರಂಜಿ ಸೀಮೆಯಂಥ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ನೆಲದಲ್ಲಿ ಲೆಕ್ಕದ ಕೆಲಸ ಒಬ್ಬಿಬ್ಬರ ಕೈಯಲ್ಲೇ ಇರುವುದರಿಂದ, ಈ ಪ್ರವೇಶ ಯಾರ ಹತ್ತಿರ ಇದೆ ಎಂಬುದು ತಿಜೋರಿಯ ಕೀಲಿ ಯಾರ ಹತ್ತಿರ ಇದೆ ಎಂಬಷ್ಟೇ ಮುಖ್ಯ.

ಪದಗಳು

ಈ ಲೇಖನದಲ್ಲಿ ನಿರ್ವಾಹಕ ಎಂದರೆ ತಂತ್ರಾಂಶದ ಎಲ್ಲ ಭಾಗಗಳನ್ನೂ ತೆರೆಯಬಲ್ಲ, ಬೇರೆಯವರಿಗೆ ಅಧಿಕಾರ ಕೊಡಬಲ್ಲ ಬಳಕೆದಾರ, ಆಡುಮಾತಿನ ‘ಅಡ್ಮಿನ್’. ಸರ್ವರ್‌ನ ಕಾರ್ಯಾಚರಣ ವ್ಯವಸ್ಥೆಗೂ ಒಬ್ಬ ಮೇಲಧಿಕಾರಿ ಇರುತ್ತಾನೆ. ಲಿನಕ್ಸಿನಲ್ಲಿ ಅವನ ಹೆಸರು ರೂಟ್. ಈ ಇಬ್ಬರನ್ನೂ ‘ಅಡ್ಮಿನ್’ ಎಂದೇ ಕರೆಯುವ ರೂಢಿಯಿಂದ ಗೊಂದಲ ಹುಟ್ಟುತ್ತದೆ. ಒಬ್ಬ ಲೆಕ್ಕದ ಒಡೆಯ, ಇನ್ನೊಬ್ಬ ಲೆಕ್ಕ ಇಟ್ಟಿರುವ ಯಂತ್ರದ ಒಡೆಯ.

‘ಖಾತೆ’ ಎಂಬ ಪದವನ್ನು ಇಲ್ಲಿ ಬಳಕೆದಾರನ ಅರ್ಥದಲ್ಲಿ ಬಳಸಿಲ್ಲ. ಲೆಕ್ಕದ ತಂತ್ರಾಂಶದಲ್ಲಿ ಖಾತೆ ಎಂದರೆ ಲೆಡ್ಜರ್. ಹಳ್ಳಿಯಲ್ಲಿ ಹೊಲದ ಖಾತೆಯೂ ಇದೆ. ‘ಖಾತೆ ತೆಗೆದುಹಾಕು’ ಎಂಬ ಮಾತು ಗುಮಾಸ್ತನಿಗೆ ಒಂದು ಅರ್ಥ ಕೊಟ್ಟರೆ ಸರ್ವರ್ ನೋಡಿಕೊಳ್ಳುವವನಿಗೆ ಮತ್ತೊಂದು ಅರ್ಥ ಕೊಡುತ್ತದೆ. ಪಾತ್ರ ಎಂದರೆ ಒಂದು ಹುದ್ದೆಗೆ ಬೇಕಾದ ಅನುಮತಿಗಳ ಕಟ್ಟು. ಸೆಷನ್ ಎಂದರೆ ಒಮ್ಮೆ ಒಳಬಂದ ಬಳಕೆದಾರ ಹೊರಹೋಗುವವರೆಗೆ ಉಳಿಯುವ ಪ್ರವೇಶ. ಆದೇಶಗಳನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಅವನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ.

ಹುಟ್ಟು ಮತ್ತು ಬೆಳವಣಿಗೆ

ಒಂದೇ ಗಣಕವನ್ನು ಹಲವರು ಹಂಚಿಕೊಂಡು ಬಳಸತೊಡಗಿದಾಗ ಯಾರು ಏನು ಮಾಡಬಹುದು ಎಂಬ ಪ್ರಶ್ನೆ ಎದ್ದಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಕಟ್ಟಿದ ಹಂಚಿಕೆ ವ್ಯವಸ್ಥೆಯಲ್ಲಿ ಪ್ರತಿ ಬಳಕೆದಾರನಿಗೂ ಪಾಸ್‌ವರ್ಡ್ ಬಂತು. ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ರೂಪುಗೊಂಡ ಯುನಿಕ್ಸ್ ವ್ಯವಸ್ಥೆ ರೂಟ್ ಎಂಬ ಮೇಲ್ಬಳಕೆದಾರನನ್ನು ನೆಲೆಗೊಳಿಸಿತು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ಕನಿಷ್ಠಾಧಿಕಾರದ ತತ್ತ್ವವನ್ನು 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಸ್ಪಷ್ಟವಾಗಿ ಮಂಡಿಸಿದರು. ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಹಿಂದಿರುಗಿಸಲಾಗದ ರೂಪಕ್ಕೆ ಅರೆದು ಇಡುವ ಯುನಿಕ್ಸ್ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದರು. ಮರೆತ ಪಾಸ್‌ವರ್ಡನ್ನು ಯಾವ ನಿರ್ವಾಹಕನೂ ‘ನೋಡಿ ಹೇಳಲಾರ’, ಹೊಸದನ್ನು ಇಡಬಲ್ಲನಷ್ಟೇ ಎಂಬ ಇಂದಿನ ಸ್ಥಿತಿಗೆ ಈ ಕ್ರಮವೇ ಕಾರಣ.

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್ಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದ ಸುಡೊ ಎಂಬ ಆದೇಶ, ರೂಟ್ ಪಾಸ್‌ವರ್ಡನ್ನು ಯಾರಿಗೂ ಕೊಡದೆ ಆಯ್ದ ಆದೇಶಗಳನ್ನು ಮಾತ್ರ ರೂಟ್ ಅಧಿಕಾರದಲ್ಲಿ ನಡೆಸಲು ದಾರಿ ಮಾಡಿತು. 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಪಾತ್ರಾಧಾರಿತ ಪ್ರವೇಶ ನಿಯಂತ್ರಣದ ಮಾದರಿಯನ್ನು ಮಂಡಿಸಿದರು. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ರಚಿಸಿದ ಎಸ್‌ಎಸ್‌ಎಚ್, ದೂರದ ಸರ್ವರ್‌ಗೆ ಗೂಢಲಿಪಿಯಲ್ಲಿ ಸಂಪರ್ಕ ಕಲ್ಪಿಸಿತು. ಬೆಳಗಾವಿಯಲ್ಲೋ ಪುಣೆಯಲ್ಲೋ ಕುಳಿತ ತಂತ್ರಜ್ಞ ಗಡಹಿಂಗ್ಲಜದ ಅಂಗಡಿಯ ಸರ್ವರ್‌ಗೆ ಆದೇಶ ಕೊಡಲು ಇಂದು ಹಿಡಿಯುವ ದಾರಿ ಇದೇ.

ಕನ್ನಡ ನಾಡಿನಲ್ಲಿ ಈ ವಿಷಯಕ್ಕೆ ತನ್ನದೇ ಚರಿತ್ರೆಯಿದೆ. ಗೋಯೆಂಕಾ ಕುಟುಂಬ 1986ರಲ್ಲಿ ಆರಂಭಿಸಿದ, ಮುಂದೆ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡ ಟ್ಯಾಲಿ, ಸಣ್ಣ ವ್ಯಾಪಾರಿಯ ಲೆಕ್ಕವನ್ನು ಗಣಕಕ್ಕೆ ತಂದಿತು. ಪಹಣಿ ದಾಖಲೆಗಳನ್ನು ಗಣಕೀಕರಿಸಿದ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದಾಗ, ದಾಖಲೆ ತಿದ್ದುವ ನೌಕರರಿಗೆ ಪಾಸ್‌ವರ್ಡ್ ಸಾಲದೆಂದು ಬೆರಳಚ್ಚಿನ ಗುರುತು ಕಡ್ಡಾಯ ಮಾಡಲಾಯಿತು. ‘ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು’ ಎಂದು ಹೇಳಿ ಪಾರಾಗಲು ಅವಕಾಶವಿರಬಾರದು ಎಂಬುದು ಅದರ ಉದ್ದೇಶ.

ರಚನೆ

ವ್ಯವಹಾರ ತಂತ್ರಾಂಶ ಸಾಮಾನ್ಯವಾಗಿ ಮೂರು ಪದರಗಳ ಮೇಲೆ ನಿಂತಿರುತ್ತದೆ. ಮೇಲಿನದು ಬಳಕೆದಾರ ಕಾಣುವ ತಂತ್ರಾಂಶ. ಅದರ ಕೆಳಗೆ ದತ್ತಾಂಶ ಇರುವ ಡೇಟಾಬೇಸ್. ಎಲ್ಲಕ್ಕೂ ಕೆಳಗೆ ಕಾರ್ಯಾಚರಣ ವ್ಯವಸ್ಥೆ. ಕೆಳಪದರದ ಒಡೆಯನಿಗೆ ಮೇಲ್ಪದರದ ಕಾವಲು ಅಡ್ಡಿಯಾಗುವುದಿಲ್ಲ. ತಂತ್ರಾಂಶದಲ್ಲಿ ಗುಮಾಸ್ತನಿಗೆ ಬಿಲ್ಲು ಅಳಿಸುವ ಅನುಮತಿ ಇಲ್ಲದಿರಬಹುದು. ಡೇಟಾಬೇಸಿಗೆ ನೇರವಾಗಿ ಹೋಗಬಲ್ಲವನಿಗೆ ಆ ಅನುಮತಿಯ ಅಗತ್ಯವೇ ಬೀಳುವುದಿಲ್ಲ. ಅವನು ಮಾಡಿದ ಬದಲಾವಣೆಯನ್ನು ತಂತ್ರಾಂಶದ ತಿದ್ದುಪಡಿ ದಾಖಲೆ ಕಾಣುವುದೂ ಇಲ್ಲ. ನಿರ್ವಾಹಕ ಪ್ರವೇಶದ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ ಇದು, ಹೆಚ್ಚಿನ ಉದ್ದಿಮೆಗಳಲ್ಲಿ ಮರೆಯಾಗುವುದೂ ಇದೇ.

ಡೇಟಾಬೇಸ್‌ಗಳೂ ಈ ಸಂಬಂಧವನ್ನು ಒಪ್ಪಿಕೊಂಡೇ ರಚನೆಯಾಗಿವೆ. ಒರಾಕಲ್ ಡೇಟಾಬೇಸಿನಲ್ಲಿ ಸರ್ವರ್‌ನ ನಿಗದಿತ ಗುಂಪಿಗೆ ಸೇರಿದ ಬಳಕೆದಾರ ಪಾಸ್‌ವರ್ಡ್ ಇಲ್ಲದೆ ಸಿಸ್‌ಡಿಬಿಎ ಎಂಬ ಮೇಲಧಿಕಾರದಲ್ಲಿ ಒಳಹೋಗಬಲ್ಲ. ಮರಿಯಾಡಿಬಿ 10.4ನೆಯ ಆವೃತ್ತಿಯಿಂದ, ಯಂತ್ರದ ರೂಟ್ ಆಗಿರುವವನು ಡೇಟಾಬೇಸಿನ ರೂಟ್ ಆಗಿ ಪಾಸ್‌ವರ್ಡ್ ಇಲ್ಲದೆ ಒಳಬರುವುದೇ ಮೂಲ ಕ್ರಮ. ಪೋಸ್ಟ್‌ಗ್ರೆಸ್‌ನ ‘ಪೀರ್’ ವಿಧಾನವೂ ಇದೇ ಜಾತಿಯದು.

ಫ್ರಾಪೆ ಚೌಕಟ್ಟಿನಲ್ಲಿ

ರುಶಭ್ ಮೆಹ್ತಾ 2008ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಸಂಸ್ಥೆಯ ಮುಕ್ತ ತಂತ್ರಾಂಶ ಇಆರ್‌ಪಿನೆಕ್ಸ್ಟ್. ಅದರ ತಳಹದಿ ಪೈಥಾನ್ ಭಾಷೆಯ ಫ್ರಾಪೆ ಚೌಕಟ್ಟು, ದತ್ತಾಂಶಕ್ಕೆ ಮರಿಯಾಡಿಬಿ. ಇಡೀ ವ್ಯವಸ್ಥೆಯನ್ನು ಆದೇಶಸಾಲಿನಿಂದಲೇ ನಡೆಸುವಂತೆ ರೂಪಿಸಿರುವುದರಿಂದ ಈ ವಿಷಯವನ್ನು ಅರಿಯಲು ಇದು ಒಳ್ಳೆಯ ಮಾದರಿ. ಆದೇಶಗಳ ಸಾಧನದ ಹೆಸರು ಬೆಂಚ್. ಒಂದೇ ಸರ್ವರ್‌ನಲ್ಲಿ ಹಲವು ‘ಸೈಟ್’ಗಳಿರಬಹುದು, ಪ್ರತಿ ಸೈಟಿಗೂ ಬೇರೆ ಡೇಟಾಬೇಸ್, ಬೇರೆ ಬಳಕೆದಾರರು. ಹಾಗಾಗಿ ಆದೇಶದಲ್ಲಿ ‘ಸೈಟ್’ ಎಂಬ ಗುರುತಿನ ಮುಂದೆ ಸೈಟಿನ ಹೆಸರನ್ನು ಮೊದಲು ಹೇಳಬೇಕು.

ಪ್ರತಿ ಸೈಟಿನಲ್ಲೂ ಹುಟ್ಟಿನಿಂದಲೇ ಅಡ್ಮಿನಿಸ್ಟ್ರೇಟರ್ ಎಂಬ ಬಳಕೆದಾರ ಇರುತ್ತಾನೆ. ಅನುಮತಿಯ ತಪಾಸಣೆ ಇವನಿಗೆ ಅನ್ವಯಿಸುವುದಿಲ್ಲ. ಇವನ ಕೆಳಗೆ ಸಿಸ್ಟಂ ಮ್ಯಾನೇಜರ್ ಎಂಬ ಪಾತ್ರ. ಇದನ್ನು ಎಷ್ಟು ಜನರಿಗೆ ಬೇಕಾದರೂ ಕೊಡಬಹುದು, ಅವರವರ ಇಮೇಲ್ ಹೆಸರಿನಲ್ಲಿ. ದಿನನಿತ್ಯದ ನಿರ್ವಹಣೆಗೆ ಎರಡನೆಯದೇ ಸರಿಯಾದ ದಾರಿ. ನಾಲ್ಕು ಜನ ಒಂದೇ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಕೆಲಸ ಮಾಡಿದರೆ, ತಿದ್ದುಪಡಿ ದಾಖಲೆಯಲ್ಲಿ ನಾಲ್ವರೂ ಒಬ್ಬನೇ ಆಗುತ್ತಾರೆ.

ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬದಲಿಸುವ ಆದೇಶ ‘ಸೆಟ್-ಅಡ್ಮಿನ್-ಪಾಸ್‌ವರ್ಡ್’. ಬೇರೆ ಬಳಕೆದಾರನಿಗೆ ‘ಸೆಟ್-ಪಾಸ್‌ವರ್ಡ್’. ಎರಡೂ ಹಳೆಯ ಪಾಸ್‌ವರ್ಡ್ ಕೇಳುವುದಿಲ್ಲ. ಆದೇಶ ಕೊಟ್ಟು ಎಂಟರ್ ಒತ್ತಿದರೆ ಹೊಸ ಪಾಸ್‌ವರ್ಡ್ ಕೇಳುವ ಒಂದು ಸಾಲು ಬರುತ್ತದೆ. ಟೈಪ್ ಮಾಡುತ್ತ ಹೋದರೂ ತೆರೆಯ ಮೇಲೆ ಚುಕ್ಕೆ, ನಕ್ಷತ್ರ ಏನೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೇನೋ ಎಂದು ಹೊಸಬರು ಗಾಬರಿಗೊಳ್ಳುವುದುಂಟು. ಅಕ್ಷರ ಮೂಡದಿರುವುದು ದೋಷವಲ್ಲ, ಬೆನ್ನ ಹಿಂದೆ ನಿಂತವರಿಗೆ ಪಾಸ್‌ವರ್ಡಿನ ಉದ್ದವೂ ತಿಳಿಯಬಾರದೆಂದು ಮಾಡಿದ ಏರ್ಪಾಡು. ಪಾಸ್‌ವರ್ಡನ್ನು ಆದೇಶದ ಜೊತೆಗೇ ಅದೇ ಸಾಲಿನಲ್ಲಿ ಬರೆಯಲೂ ಬರುತ್ತದೆ, ಆದರೆ ಬರೆಯಬಾರದು. ಆದೇಶಗಳನ್ನು ಓದಿ ನಡೆಸುವ ಶೆಲ್, ತಾನು ಪಡೆದದ್ದನ್ನೆಲ್ಲ ಚರಿತ್ರೆಯ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಮುಂದೊಂದು ದಿನ ಅದೇ ಹೆಸರಿನಲ್ಲಿ ಸರ್ವರ್‌ಗೆ ಬಂದವನು ಮೇಲ್ಬಾಣದ ಕೀಲಿ ಒತ್ತುತ್ತ ಹೋದರೆ ಆ ಪಾಸ್‌ವರ್ಡ್ ಎದುರಿಗೆ ಬರುತ್ತದೆ.

ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಮೊದಲೇ ಒಳಗಿರುವವನು ಹೊರಬೀಳುತ್ತಾನೆಂದು ತಿಳಿಯಬಾರದು. ಅವನ ಸೆಷನ್ ಮುಗಿಸಲು ಅದೇ ಆದೇಶಕ್ಕೆ ‘ಲಾಗೌಟ್-ಆಲ್-ಸೆಷನ್ಸ್’ ಎಂಬ ಆಯ್ಕೆ ಸೇರಿಸಬೇಕು. ಸೈಟಿನ ಎಲ್ಲರನ್ನೂ ಒಮ್ಮೆಗೆ ಹೊರಹಾಕಲು ‘ಡೆಸ್ಟ್ರಾಯ್-ಆಲ್-ಸೆಷನ್ಸ್’ ಇದೆ. ಹೊಸ ನಿರ್ವಾಹಕನನ್ನು ಸೇರಿಸಲು ‘ಆಡ್-ಸಿಸ್ಟಂ-ಮ್ಯಾನೇಜರ್’, ಕೆಲಸ ಬಿಟ್ಟವನನ್ನು ನಿಷ್ಕ್ರಿಯಗೊಳಿಸಲು ‘ಡಿಸೇಬಲ್-ಯೂಸರ್’. ಕೆಲಸ ಬಿಟ್ಟವನ ಹೆಸರನ್ನು ಅಳಿಸುವುದಕ್ಕಿಂತ ನಿಷ್ಕ್ರಿಯಗೊಳಿಸುವುದು ಮೇಲು. ಅವನು ಮಾಡಿದ ಬಿಲ್ಲು, ರಸೀದಿಗಳ ಮೇಲೆ ಅವನ ಹೆಸರು ಉಳಿಯಬೇಕಲ್ಲ.

ಒಳಗೆ ನೋಡಿದರೆ, ಬಳಕೆದಾರನ ವಿವರ ಒಂದು ಕೋಷ್ಟಕದಲ್ಲಿ, ಅವನ ಪಾತ್ರಗಳು ಇನ್ನೊಂದರಲ್ಲಿ, ಅರೆದ ಪಾಸ್‌ವರ್ಡ್ ಮೂರನೆಯದರಲ್ಲಿ ಇರುತ್ತದೆ. ಡೇಟಾಬೇಸಿನ ಹೆಸರು ಮತ್ತು ಪಾಸ್‌ವರ್ಡ್ ಇರುವುದು ಸೈಟಿನ ಸಂರಚನಾ ಕಡತದಲ್ಲಿ, ಓದಬಹುದಾದ ಅಕ್ಷರಗಳಲ್ಲೇ. ಈ ಕಡತವನ್ನು ಓದಬಲ್ಲವನಿಗೆ ಸೈಟಿನ ಯಾವ ಪಾಸ್‌ವರ್ಡೂ ಬೇಕಿಲ್ಲ. ಇಮೇಲ್ ಸಂಪರ್ಕದಂಥ ಹೊರಗಿನ ಪಾಸ್‌ವರ್ಡುಗಳನ್ನು ಬಿಡಿಸುವ ಗೂಢಲಿಪಿ ಕೀಲಿಯೂ ಇಲ್ಲೇ ಇರುತ್ತದೆ. ಬ್ಯಾಕಪ್ ತೆಗೆಯುವಾಗ ಡೇಟಾಬೇಸಿನ ಜೊತೆ ಈ ಕಡತವನ್ನೂ ಕಾಪಾಡದಿದ್ದರೆ, ಹೊಸ ಯಂತ್ರದಲ್ಲಿ ಲೆಕ್ಕ ಮರಳಿ ಬಂದರೂ ಇಮೇಲ್ ಓಡುವುದಿಲ್ಲ.

ಇತರ ತಂತ್ರಾಂಶಗಳಲ್ಲಿ

ಬೆಲ್ಜಿಯಂ ಮೂಲದ ಓಡೂ ತಂತ್ರಾಂಶದಲ್ಲಿ ಪಾಸ್‌ವರ್ಡ್ ಬದಲಿಸಲು ಸಿದ್ಧ ಆದೇಶಕ್ಕಿಂತ ಪೈಥಾನ್ ಶೆಲ್ ಬಳಕೆ ಹೆಚ್ಚು. ಶೆಲ್ ತೆರೆದು ಬಳಕೆದಾರನನ್ನು ಹುಡುಕಿ, ಹೊಸ ಪಾಸ್‌ವರ್ಡ್ ಬರೆದು, ಕೊನೆಗೆ ಬದಲಾವಣೆಯನ್ನು ಖಾಯಂ ಮಾಡುವ ಆದೇಶ ಕೊಡಬೇಕು. ಕೊಡದೆ ಹೊರಬಂದರೆ ಏನೂ ಬದಲಾಗಿರುವುದಿಲ್ಲ. ಡೇಟಾಬೇಸುಗಳನ್ನೇ ಹುಟ್ಟಿಸುವ, ಅಳಿಸುವ ಮೂಲ ಪಾಸ್‌ವರ್ಡ್ ಸಂರಚನಾ ಕಡತದಲ್ಲಿ ಬೇರೆಯಾಗಿರುತ್ತದೆ.

ದೊಡ್ಡ ಕಂಪನಿಗಳ ಸ್ಯಾಪ್ ತಂತ್ರಾಂಶದಲ್ಲಿ ‘ಸ್ಯಾಪ್*’ ಎಂಬ ಮೇಲ್ಬಳಕೆದಾರನಿದ್ದಾನೆ. ಅವನ ದಾಖಲೆಯನ್ನು ಡೇಟಾಬೇಸಿನ ಬಳಕೆದಾರರ ಕೋಷ್ಟಕದಿಂದ ಅಳಿಸಿದರೆ ಅವನು ಹೋಗುವುದಿಲ್ಲ. ಎಲ್ಲರಿಗೂ ತಿಳಿದ ಮೂಲ ಪಾಸ್‌ವರ್ಡಿನೊಂದಿಗೆ ಮತ್ತೆ ಎದ್ದು ಬರುತ್ತಾನೆ. ಎಲ್ಲ ದಾರಿಗಳೂ ಮುಚ್ಚಿದಾಗ ಒಳಬರಲೆಂದು ಇಟ್ಟ ಈ ಕಿಂಡಿಯನ್ನು ಮುಚ್ಚಲು ಪ್ರತ್ಯೇಕ ಸಂರಚನೆ ಇದೆ.

ಟ್ಯಾಲಿಯ ಸ್ವಭಾವ ಬೇರೆ. ಅದರ ಬಳಕೆದಾರರ ನಿರ್ವಹಣೆ ತೆರೆಯ ಮೂಲಕವೇ ನಡೆಯುತ್ತದೆ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ ಕಂಪನಿಯ ದತ್ತಾಂಶ ಗೂಢಲಿಪಿಯಲ್ಲಿರುತ್ತದೆ. ಆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ದಾರಿಯಿಲ್ಲ. ಇಲ್ಲಿ ಸರ್ವರ್‌ನ ಒಡೆಯನಿಗೂ ಬಾಗಿಲು ಮುಚ್ಚಿರುತ್ತದೆ, ಮರೆತ ಮಾಲೀಕನಿಗೂ ಮುಚ್ಚಿರುತ್ತದೆ.

ಕೋವಾಡ–ಗಡಹಿಂಗ್ಲಜ–ಇಚಲಕರಂಜಿ ಸೀಮೆಯಲ್ಲಿ

ತಾಮ್ರಪರ್ಣಿ ನದಿಯ ದಡದ ಕೋವಾಡ ಚಂದಗಡ ತಾಲ್ಲೂಕಿನ ಪೇಟೆಯ ಊರು. ಮರಾಠಿ ಕಾದಂಬರಿಕಾರ ರಣಜಿತ ದೇಸಾಯಿ ಅವರ ಊರೆಂದು ಹೆಸರಾಗಿದೆ. ಕರ್ನಾಟಕದ ಗಡಿಗೆ ಹೊಂದಿಕೊಂಡ ಈ ಭಾಗದಲ್ಲಿ ಮನೆಯ ಮಾತು ಕನ್ನಡವಾದರೂ ಕಚೇರಿಯ ಕಾಗದ ಮರಾಠಿಯಲ್ಲಿ, ತಂತ್ರಾಂಶದ ತೆರೆ ಇಂಗ್ಲಿಷಿನಲ್ಲಿ ಇರುವುದು ಸಾಮಾನ್ಯ. ಚಂದಗಡದ ಗೋಡಂಬಿ ಕಾರ್ಖಾನೆಗಳು, ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆ, ಕೊಲ್ಲಾಪುರದ ಸುತ್ತಲಿನ ಎರಕದ ಕಾರ್ಖಾನೆಗಳು, ಜಿಲ್ಲೆಯುದ್ದಕ್ಕೂ ಇರುವ ಸಹಕಾರಿ ಸಕ್ಕರೆ ಕಾರ್ಖಾನೆಗಳು, 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ಇಚಲಕರಂಜಿ, ಇವೆಲ್ಲ ಲೆಕ್ಕ ಹೆಚ್ಚು ಬೇಡುವ ವ್ಯವಹಾರಗಳು.

ಗಣಕದಲ್ಲಿ ಲೆಕ್ಕ ಇಡುವುದಕ್ಕೆ ಜಿಲ್ಲೆಯಲ್ಲಿ ಹಿಂದಿನ ಮೇಲ್ಪಂಕ್ತಿಯೂ ಇದೆ. 1998ರಲ್ಲಿ ಆರಂಭವಾದ ವಾರಣಾ ತಂತಿಗ್ರಾಮ ಯೋಜನೆ ಕೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ 70 ಹಳ್ಳಿಗಳನ್ನು ವಾರಣಾ ಸಕ್ಕರೆ ಕಾರ್ಖಾನೆಯ ಸಹಕಾರಿ ಜಾಲಕ್ಕೆ ಗಣಕ ಕೇಂದ್ರಗಳ ಮೂಲಕ ಜೋಡಿಸಿತು. ಕಬ್ಬಿನ ತೂಕ, ಕಟಾವಿನ ಸರದಿ, ಬಿಲ್ಲಿನ ಮೊತ್ತ ರೈತನಿಗೆ ತನ್ನ ಹಳ್ಳಿಯಲ್ಲೇ ತಿಳಿಯಲೆಂಬುದು ಉದ್ದೇಶ. ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಅದೇ ಸೇವೆಯನ್ನು ಗಣಕದ ಬದಲು ಮೊಬೈಲ್ ಸಂದೇಶದ ಮೂಲಕ ಏಳು ಹಳ್ಳಿಗಳಲ್ಲಿ ಪ್ರಯೋಗಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡೂ ವ್ಯವಸ್ಥೆಗಳಲ್ಲಿ ಹಳ್ಳಿಯಲ್ಲಿದ್ದುದು ನೋಡುವ ಕಿಟಕಿ. ಅಂಕಿ ಇದ್ದುದು ಕಾರ್ಖಾನೆಯ ಕಡೆ.

ಇಚಲಕರಂಜಿಯ ಮಗ್ಗದ ವ್ಯವಹಾರದಲ್ಲಿ ವ್ಯಾಪಾರಿ ಕೊಟ್ಟ ನೂಲನ್ನು ನೇಕಾರ ಮಜೂರಿಗೆ ನೇಯ್ದುಕೊಡುವ ಪದ್ಧತಿ ಇದೆ; ಮಜೂರಿಯ ಲೆಕ್ಕ ಪಿಕ್ಕಿನ, ಅಂದರೆ ಅಡ್ಡ ಎಳೆಯ, ಮೇಲೆ. ಪಿಕ್ಕಿನ ದರ ಬರೆದಿಟ್ಟ ಮೂಲ ಕೋಷ್ಟಕದಲ್ಲಿ ಒಂದು ಪೈಸೆ ಆಚೀಚೆಯಾದರೆ ಅದು ಸಾವಿರಾರು ಮೀಟರ್ ಬಟ್ಟೆಯ ಮೇಲೆ ಹರಡುತ್ತದೆ. ಆ ಕೋಷ್ಟಕವನ್ನು ಯಾರು ತಿದ್ದಬಲ್ಲರು ಎಂಬ ಪ್ರಶ್ನೆಗೆ ತಂತ್ರಾಂಶದ ಪಾತ್ರಗಳ ಪಟ್ಟಿ ಅರ್ಧ ಉತ್ತರ ಮಾತ್ರ. ಉಳಿದರ್ಧ ಸರ್ವರ್‌ಗೆ ಎಸ್‌ಎಸ್‌ಎಚ್ ಕೀಲಿ (ಪಾಸ್‌ವರ್ಡಿನ ಬದಲು ಬಳಸುವ ಗುರುತು) ಇರುವವರ ಪಟ್ಟಿ. ತಂತ್ರಾಂಶ ಹಾಕಿಕೊಟ್ಟ ಹೊರಗಿನ ಸೇವಾದಾರನ ಕೀಲಿ, ಒಪ್ಪಂದ ಮುಗಿದ ಮೇಲೂ ಸರ್ವರ್‌ನಲ್ಲಿ ಉಳಿದುಬಿಡುವುದು ಈ ಕ್ಷೇತ್ರದ ಸಾಮಾನ್ಯ ಲೋಪ. ಅಂಥ ಕೀಲಿಗಳು ಬಳಕೆದಾರನ ಮನೆ-ಕೋಶದೊಳಗೆ, ಅನುಮತಿ ಪಡೆದ ಕೀಲಿಗಳ ಕಡತದಲ್ಲಿ ಸಾಲಿಗೊಂದರಂತೆ ಇರುತ್ತವೆ. ಬೇಡವಾದ ಸಾಲನ್ನು ಅಳಿಸಿದರೆ ಆ ಕೀಲಿಯ ಪ್ರವೇಶ ನಿಲ್ಲುತ್ತದೆ.

ಕೊಲ್ಲಾಪುರ ಜಿಲ್ಲೆ 2019 ಮತ್ತು 2021ರಲ್ಲಿ ದೊಡ್ಡ ನೆರೆ ಕಂಡಿತು. ನೆಲಮಟ್ಟದ ಅಂಗಡಿಯಲ್ಲಿ ಸರ್ವರ್ ಇಟ್ಟವರಿಗೆ ದೂರದ ಊರಿನ ಬ್ಯಾಕಪ್ ಒಂದೇ ಗತಿ. ಬ್ಯಾಕಪ್ ಮರಳಿಸುವಾಗ ಪ್ರವೇಶದ ಮಟ್ಟಿಗೆ ಒಂದು ಅಪಾಯವಿದೆ: ಬಳಕೆದಾರರ ಪಟ್ಟಿಯೂ ಪಾಸ್‌ವರ್ಡುಗಳೂ ಡೇಟಾಬೇಸಿನ ಭಾಗವೇ ಆದ್ದರಿಂದ, ಎರಡು ತಿಂಗಳ ಹಿಂದಿನ ಬ್ಯಾಕಪ್ ಮರಳಿಸಿದರೆ ಎರಡು ತಿಂಗಳ ಹಿಂದಿನ ನಿರ್ವಾಹಕರೂ ಮರಳಿ ಬರುತ್ತಾರೆ. ನಡುವೆ ನಿಷ್ಕ್ರಿಯಗೊಂಡ ನೌಕರ ಮತ್ತೆ ಸಕ್ರಿಯನಾಗುತ್ತಾನೆ, ಬದಲಿಸಿದ ಪಾಸ್‌ವರ್ಡ್ ಹಳೆಯದಾಗುತ್ತದೆ. ಹಾಗಾಗಿ ಬ್ಯಾಕಪ್ ಮರಳಿಸಿದ ಕೂಡಲೇ, ಸೈಟನ್ನು ಜನರಿಗೆ ತೆರೆಯುವ ಮೊದಲು, ಬಳಕೆದಾರರ ಪಟ್ಟಿಯನ್ನು ತಾಳೆ ನೋಡಿ ಪಾಸ್‌ವರ್ಡ್ ಬದಲಿಸುವುದು ಕ್ರಮ.

ಲಿಪಿ ಮತ್ತು ಕೀಲಿಮಣೆ

ಆದೇಶಸಾಲು ರೋಮನ್ ಅಕ್ಷರಕ್ಕೆ ಹುಟ್ಟಿದ್ದು. ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಚೌಕ ಕೊಡುತ್ತದೆ. ಒತ್ತಕ್ಷರ, ಸ್ವರಚಿಹ್ನೆಗಳು ಕೂಡಿ ಆಕಾರ ಬದಲಿಸುವ ಕನ್ನಡ ಅದರಲ್ಲಿ ಮುರಿದು ಕಾಣಬಹುದು. ಬಳಕೆದಾರರ ಹೆಸರು, ಪೂರೈಕೆದಾರರ ಹೆಸರು ಕನ್ನಡದಲ್ಲೋ ದೇವನಾಗರಿಯಲ್ಲೋ ಇದ್ದರೆ ಡೇಟಾಬೇಸಿನಲ್ಲಿ ಸರಿಯಾಗಿಯೇ ಇರುತ್ತದೆ, ಟರ್ಮಿನಲ್‌ನಲ್ಲಿ ಮಾತ್ರ ಕಲಸಿದಂತೆ ತೋರುತ್ತದೆ. ದತ್ತಾಂಶ ಕೆಟ್ಟಿದೆಯೆಂದು ತಿಳಿದು ‘ಸರಿಪಡಿಸಲು’ ಹೋಗಬಾರದು.

ಪಾಸ್‌ವರ್ಡ್ ವಿಷಯದಲ್ಲಿ ತೊಡಕು ಹೆಚ್ಚು. ಇನ್‌ಸ್ಕ್ರಿಪ್ಟ್ ವಿನ್ಯಾಸ ಚಾಲ್ತಿಯಲ್ಲಿದ್ದರೆ ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದಾಗ ‘ಕ’ ಬರುತ್ತದೆ, ‘ಎಚ್’ ಒತ್ತಿದಾಗ ‘ಪ’. ತೆರೆಯ ಮೇಲೆ ಏನೂ ಕಾಣದ ಆದೇಶಸಾಲಿನಲ್ಲಿ ವಿನ್ಯಾಸ ಬದಲಾಗಿರುವುದು ತಿಳಿಯುವುದಿಲ್ಲ. ಬೆಂಚ್ ಆದೇಶ ಹೊಸ ಪಾಸ್‌ವರ್ಡನ್ನು ಖಚಿತಪಡಿಸಲು ಎರಡನೆಯ ಸಲ ಕೇಳದಿರುವುದರಿಂದ ಕನ್ನಡ ಅಕ್ಷರಗಳ ಪಾಸ್‌ವರ್ಡ್ ನೆಲೆಗೊಂಡು, ಬ್ರೌಸರಿನಲ್ಲಿ ರೋಮನ್‌ನಲ್ಲಿ ಟೈಪ್ ಮಾಡಿದ್ದು ತಪ್ಪೆಂದು ಬರುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರು ವಿನ್ಯಾಸಗಳ ನಡುವೆ ದಿನವಿಡೀ ಓಡಾಡುವ ಗಡಿಯ ಕಚೇರಿಗಳಿಗೆ ಇದು ತಿಳಿದಿರಬೇಕಾದ ಮಾತು: ಮೊದಲು ಖಾಲಿ ಸಾಲಿನಲ್ಲಿ ಎರಡು ಅಕ್ಷರ ಟೈಪ್ ಮಾಡಿ ನೋಡಿ, ಅಳಿಸಿ, ಅನಂತರ ಆದೇಶ ಕೊಡಬೇಕು.

ದಾಖಲೆ ಮತ್ತು ಕಾನೂನು

ಸುಡೊ ಮೂಲಕ ನಡೆದ ಪ್ರತಿ ಆದೇಶವೂ, ಎಸ್‌ಎಸ್‌ಎಚ್ ಮೂಲಕ ಬಂದ ಪ್ರತಿ ಪ್ರವೇಶವೂ ಸರ್ವರ್‌ನ ದಾಖಲೆಯಲ್ಲಿ ಹೆಸರು, ಹೊತ್ತುಗಳ ಸಹಿತ ಬೀಳುತ್ತದೆ. ಎಲ್ಲರೂ ನೇರವಾಗಿ ರೂಟ್ ಹೆಸರಿನಲ್ಲೇ ಒಳಬಂದರೆ ಈ ದಾಖಲೆ ಅರ್ಥ ಕಳೆದುಕೊಳ್ಳುತ್ತದೆ. ರೂಟ್ ಅಧಿಕಾರವುಳ್ಳವನು ಅದನ್ನು ಅಳಿಸಲೂಬಲ್ಲನಾದ್ದರಿಂದ, ಮುಖ್ಯ ಸರ್ವರ್‌ಗಳ ದಾಖಲೆಯನ್ನು ಆ ಕ್ಷಣವೇ ಬೇರೊಂದು ಯಂತ್ರಕ್ಕೆ ಕಳಿಸುವುದು ವಾಡಿಕೆ.

ಕಂಪನಿ ಕಾಯ್ದೆಯಡಿಯ ಲೆಕ್ಕಪತ್ರ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿ, ಎರಡು ಸಲ ಮುಂದಕ್ಕೆ ಹೋಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಆಗಬಾರದು. ಇದರ ಮೇಲೆ ಲೆಕ್ಕಪರಿಶೋಧಕರು ವರದಿ ಕೊಡಬೇಕು. ತಂತ್ರಾಂಶದ ತೆರೆಯಲ್ಲಿ ದಾಖಲೆ ಇದ್ದೂ ಡೇಟಾಬೇಸ್ ಮಟ್ಟದ ನೇರ ಬದಲಾವಣೆಗೆ ದಾಖಲೆ ಇಲ್ಲ ಎಂಬ ಟಿಪ್ಪಣಿ ಹಲವು ಕಂಪನಿಗಳ ಪರಿಶೋಧನಾ ವರದಿಗಳಲ್ಲಿ ಅಂದಿನಿಂದ ಕಾಣಿಸಿಕೊಂಡಿದೆ. ಈ ನಿಯಮ ಕಂಪನಿಗಳಿಗೆ ಮಾತ್ರ. ಪಾಲುದಾರಿಕೆಯ, ಏಕಮಾಲೀಕತ್ವದ ಮಗ್ಗದ ಘಟಕಗಳು ಇದರ ಹೊರಗಿವೆ.

ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರಿನಲ್ಲಿ ಮೂಲ ಸೈಬರ್ ಭದ್ರತಾ ಚೌಕಟ್ಟನ್ನೂ 2019ರ ಡಿಸೆಂಬರಿನಲ್ಲಿ ಹಂತಹಂತದ ವಿಸ್ತೃತ ಚೌಕಟ್ಟನ್ನೂ ಕೊಟ್ಟಿತು. ನಿರ್ವಾಹಕ ಹಕ್ಕುಗಳನ್ನು ಮಿತಗೊಳಿಸುವುದು ಅವುಗಳ ಭಾಗ. ಭಾರತದ ಗಣಕ ತುರ್ತು ಸ್ಪಂದನ ತಂಡ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಉಳಿಸಬೇಕೆಂದೂ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ತಿಳಿಸಬೇಕೆಂದೂ ಹೇಳಿದೆ. ಅನುಮತಿಯಿಲ್ಲದೆ ಸರ್ವರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮಿನಡಿ ತಪ್ಪು. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೆಲಸ ಬಿಟ್ಟ ಮೇಲೆ ಹಳೆಯ ಕೀಲಿ ಬಳಸಿ ಒಳಬಂದವನಿಗೂ ಇದು ಅನ್ವಯಿಸಬಲ್ಲದು.

ಇಂದಿನ ಸ್ಥಿತಿ

ವ್ಯವಹಾರ ತಂತ್ರಾಂಶ ಅಂಗಡಿಯ ಮೂಲೆಯ ಯಂತ್ರದಿಂದ ಬಾಡಿಗೆಯ ಕ್ಲೌಡ್ ಸರ್ವರ್‌ಗೆ ಸರಿಯುತ್ತಿದೆ. ಹಂಚಿಕೆಯ ಕ್ಲೌಡ್ ಸೇವೆಯಲ್ಲಿ ಗ್ರಾಹಕನಿಗೆ ಆದೇಶಸಾಲು ಸಾಮಾನ್ಯವಾಗಿ ಸಿಗುವುದಿಲ್ಲ. ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಸೇವಾದಾರನ ವೆಬ್ ಫಲಕದಲ್ಲಿ ಮಾಡಬೇಕು. ಕೆಳಪದರದ ಒಡೆತನ ಅಲ್ಲೂ ಇದೆ, ಅದು ಸೇವಾದಾರನ ಕೈಯಲ್ಲಿದೆ. ಸ್ವಂತ ಸರ್ವರ್ ಉಳಿಸಿಕೊಂಡವರಲ್ಲಿ ಪಾಸ್‌ವರ್ಡಿನ ಬದಲು ಕೀಲಿಜೋಡಿ, ಅದರ ಜೊತೆ ಮೊಬೈಲಿನಲ್ಲಿ ಮೂಡುವ ಎರಡನೆಯ ಸಂಕೇತ ರೂಢಿಗೆ ಬರುತ್ತಿವೆ. ಅಳಿಸುವವರೆಗೂ ಬಾಳುವ ಎಸ್‌ಎಸ್‌ಎಚ್ ಕೀಲಿಯ ಜಾಗದಲ್ಲಿ ಕೆಲವೇ ಗಂಟೆ ಬಾಳುವ ಪ್ರಮಾಣಪತ್ರ ಕೊಡುವ ಪದ್ಧತಿಯನ್ನೂ ಕ್ಲೌಡ್ ಸೇವೆಗಳು ತಂದಿವೆ. ತಂತ್ರಜ್ಞ ಕೆಲಸ ಮುಗಿಸಿದ ದಿನವೇ ಅದರ ಅವಧಿಯೂ ಮುಗಿಯುತ್ತದೆ, ಅಳಿಸಲು ಯಾರೂ ನೆನಪಿಡಬೇಕಾಗಿಲ್ಲ.